ಗೇರ್‌ಬಾಕ್ಸ್‌ನ ಕೀ ಪದೇ ಪದೇ ಮುರಿಯುತ್ತಿದೆಯೇ? ‘ಗಟ್ಟಿ ಕೀ ಹಾಕಿ’ ಎಂಬ ಸಲಹೆ ನಂಬುವ ಮುನ್ನ ಇದನ್ನು ಓದಿ

‘ಅಣ್ಣಾ, ಲಾರಿ ಪಾಟಾದ ತುಂಡು ತಗೊಂಡು ಕೀ ಮಾಡಿ ಹಾಕ್ರಿ, ಮತ್ತ ಮುರಿಯಂಗಿಲ್ಲ.’

ಕಬ್ಬಿನ ಗಾಣ, ತೊಗರಿ ಬೇಳೆ ಮಿಲ್, ರಾಶಿ ಯಂತ್ರ, ರೋಟವೇಟರ್ ಇಟ್ಟುಕೊಂಡವರಿಗೆ ಈ ಮಾತು ಹೊಸದಲ್ಲ. ವರ್ಕ್‌ಶಾಪ್‌ನಲ್ಲಿ ಕೇಳಿರುತ್ತೀರಿ, ಮೊಬೈಲ್‌ಗೂ ಬಂದಿರಬಹುದು. ಪಾಟಾ ಅಂದರೆ ಲೀಫ್ ಸ್ಪ್ರಿಂಗ್. ಅದು ಗಟ್ಟಿ ಉಕ್ಕು ಎನ್ನುವುದು ನಿಜ. ಗಟ್ಟಿ ಕೀ ಹಾಕಿದರೆ ಕೀ ಮುರಿಯುವುದು ಕಡಿಮೆಯಾಗಬಹುದು ಎನ್ನುವುದೂ ಕೆಲವೊಮ್ಮೆ ನಿಜ. ಹಾಗಾದರೆ ಸಲಹೆ ಸರಿಯೇ?

ಅಲ್ಲ. ಏಕೆ ಅಲ್ಲ ಎನ್ನುವುದನ್ನು ನಾವು ಇಲ್ಲಿ ಲೆಕ್ಕ ಹಾಕಿಯೇ ತೋರಿಸುತ್ತೇವೆ. ಮೊಬೈಲ್‌ನ ಕ್ಯಾಲ್ಕುಲೇಟರ್ ಸಾಕು, ನಿಮ್ಮ ಯಂತ್ರಕ್ಕೂ ಇದೇ ಲೆಕ್ಕ ಹಾಕಿಕೊಳ್ಳಬಹುದು.

ಈ ಭಾಗದಲ್ಲಿ ಇದೇಕೆ ಮುಖ್ಯ?

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಕಬ್ಬೂ ಇದೆ, ತೊಗರಿಯೂ ಇದೆ. ಅಫಜಲಪುರ ತಾಲ್ಲೂಕಿನ ಹವಳಗಾ, ಆಳಂದ ತಾಲ್ಲೂಕಿನ ಭೂಸನೂರ, ಯಡ್ರಾಮಿ ತಾಲ್ಲೂಕಿನ ಮಳ್ಳಿಯಲ್ಲಿ ಸಕ್ಕರೆ ಕಾರ್ಖಾನೆಗಳಿವೆ. ಜಿಲ್ಲೆಯ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ. ಕಬ್ಬು ನುರಿಸುವುದಿರಲಿ, ಬೇಳೆ ಒಡೆಯುವುದಿರಲಿ, ಎರೆ ಹೊಲದ ಹೆಂಟೆ ಪುಡಿ ಮಾಡುವುದಿರಲಿ, ಎಲ್ಲ ಕೆಲಸದ ಹಿಂದೆಯೂ ಒಂದು ಗೇರ್‌ಬಾಕ್ಸ್ ತಿರುಗುತ್ತಿರುತ್ತದೆ.

ಹಂಗಾಮಿನಲ್ಲಿ ಯಂತ್ರ ನಿಂತರೆ ನಷ್ಟ ಬರೀ ರಿಪೇರಿ ಖರ್ಚಿನದಲ್ಲ. ಕಡಿದ ಕಬ್ಬು ಬಿಸಿಲಲ್ಲಿ ನಿಂತಷ್ಟೂ ತೂಕ ಕಳೆದುಕೊಳ್ಳುತ್ತದೆ, ಅದರ ಸಕ್ಕರೆ ಅಂಶವೂ ಇಳಿಯುತ್ತದೆ. ಹಾಗಾಗಿ ‘ಹೇಗಾದರೂ ಮಾಡಿ ಈಗ ಶುರು ಮಾಡಿ’ ಎಂಬ ಅವಸರ ಹುಟ್ಟುತ್ತದೆ. ಗಟ್ಟಿ ಕೀಯ ಸಲಹೆ ಎಲ್ಲರಿಗೂ ಹಿಡಿಸುವುದು ಇಂಥ ಹೊತ್ತಿನಲ್ಲೇ.

ಕೀ ಮಾಡುವ ಕೆಲಸವೇನು?

ಇದು ಬೀಗದ ಕೀ ಅಲ್ಲ. ಎತ್ತಿನ ಗಾಡಿ ನೆನಪಿಸಿಕೊಳ್ಳಿ. ಗಾಡಿಯ ಅಚ್ಚು ತಿರುಗುವುದಿಲ್ಲ, ಅದರ ಮೇಲೆ ಚಕ್ರ ಮಾತ್ರ ತಿರುಗುತ್ತದೆ. ಕಡಾಣಿ ಇರುವುದು ಚಕ್ರ ಕಳಚಿ ಬೀಳದಿರಲಿ ಎಂದು. ಗೇರ್‌ಬಾಕ್ಸ್‌ನಲ್ಲಿ ಹಾಗಲ್ಲ. ಅಲ್ಲಿ ಶಾಫ್ಟ್ ತಿರುಗಿದರೆ ಗೇರ್ ಕೂಡ ಅದರ ಜೊತೆಗೇ ತಿರುಗಬೇಕು, ಶಾಫ್ಟ್ ಮೇಲೆ ಬರಿದೆ ಜಾರಬಾರದು.

ಅದಕ್ಕಾಗಿ ಶಾಫ್ಟ್‌ನಲ್ಲಿ ಒಂದು ಉದ್ದ ತೋಡು, ಗೇರ್‌ನ ರಂಧ್ರದಲ್ಲಿ ಅದಕ್ಕೆ ಎದುರಾಗಿ ಇನ್ನೊಂದು ತೋಡು ಕೊರೆಯುತ್ತಾರೆ. ಈ ತೋಡಿಗೆ ಕೀವೇ ಎಂದು ಹೆಸರು. ಎರಡೂ ತೋಡುಗಳ ನಡುವೆ ಕೂರುವ ಉದ್ದನೆಯ ಉಕ್ಕಿನ ತುಂಡೇ ಕೀ. ಅರ್ಧ ಶಾಫ್ಟ್ ಒಳಗೆ, ಇನ್ನರ್ಧ ಗೇರ್ ಒಳಗೆ. ಗೇರ್ ಮಾತ್ರವಲ್ಲ, ಪುಲ್ಲಿ, ಕಪ್ಲಿಂಗ್, ಚೈನ್ ಸ್ಪ್ರಾಕೆಟ್ ಕೂಡ ಹೀಗೆಯೇ ಕೂರುತ್ತವೆ. ಶಾಫ್ಟ್ ಮೇಲೆ ಕೂರುವ ನಡುಭಾಗವನ್ನು ಹಬ್ ಎನ್ನುತ್ತಾರೆ.

ಕೀ ಎರಡು ರೀತಿಯಲ್ಲಿ ಸೋಲುತ್ತದೆ. ಮೊದಲನೆಯದು, ಕತ್ತರಿ ಹಾಕಿದಂತೆ ನಡುವೆ ತುಂಡಾಗುವುದು. ಎರಡನೆಯದು, ಪಕ್ಕದ ಗೋಡೆ ಜಜ್ಜಿಹೋಗುವುದು. ಮೊದಲನೆಯದು ಎಲ್ಲರ ಕಣ್ಣಿಗೆ ಬೀಳುತ್ತದೆ. ಎರಡನೆಯದನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ. ತೊಂದರೆ ಸಾಮಾನ್ಯವಾಗಿ ಶುರುವಾಗುವುದು ಅಲ್ಲಿಂದಲೇ.

ಲೆಕ್ಕ ಹಾಕಿ ನೋಡೋಣ

10 ಎಚ್‌ಪಿ ಮೋಟಾರ್ ತೆಗೆದುಕೊಳ್ಳೋಣ. ಅಂದರೆ ಸುಮಾರು 7.5 ಕಿಲೋವ್ಯಾಟ್. ಮೋಟಾರ್ ನಿಮಿಷಕ್ಕೆ 1,440 ಸುತ್ತು ತಿರುಗುತ್ತದೆ. ಗೇರ್‌ಬಾಕ್ಸ್ ಅದನ್ನು 15ರಲ್ಲಿ ಒಂದು ಪಾಲಿಗೆ ಇಳಿಸುತ್ತದೆ. ಹೊರಗಿನ ಶಾಫ್ಟ್ ನಿಮಿಷಕ್ಕೆ 96 ಸುತ್ತು ತಿರುಗುತ್ತದೆ. ಶಾಫ್ಟ್‌ನ ವ್ಯಾಸ 50 ಮಿ.ಮೀ.

ಹೆಜ್ಜೆ 1: ತಿರುಚು ಬಲ, ಅಂದರೆ ಟಾರ್ಕ್. ಸೂತ್ರ ಸರಳ: 9,550 × ಕಿಲೋವ್ಯಾಟ್ ÷ ಸುತ್ತು. ಇಲ್ಲಿ 9,550 × 7.5 ÷ 96 = ಸುಮಾರು 746 ನ್ಯೂಟನ್ ಮೀಟರ್. ಗಮನಿಸಿ, ವೇಗ ಇಳಿದಷ್ಟೂ ಟಾರ್ಕ್ ಏರುತ್ತದೆ. ಆದ್ದರಿಂದಲೇ ಮೋಟಾರ್ ಕಡೆಯ ಕೀಗಿಂತ ಗೇರ್‌ಬಾಕ್ಸ್‌ನ ಹೊರ ಶಾಫ್ಟ್‌ನ ಕೀ ಮೇಲೆ ಹೆಚ್ಚು ಭಾರ ಬೀಳುತ್ತದೆ.

ಹೆಜ್ಜೆ 2: ಕೀ ಮೇಲೆ ಬೀಳುವ ಒತ್ತು. ಟಾರ್ಕನ್ನು ಶಾಫ್ಟ್‌ನ ಅರ್ಧ ವ್ಯಾಸದಿಂದ, ಅಂದರೆ 0.025 ಮೀಟರ್‌ನಿಂದ ಭಾಗಿಸಿ. ಸುಮಾರು 29,840 ನ್ಯೂಟನ್ ಬರುತ್ತದೆ. ಇದು 3 ಟನ್ ತೂಕಕ್ಕೆ ಸಮ. ಒಂದು ಸಾಧಾರಣ ಟ್ರ್ಯಾಕ್ಟರ್‌ನ ತೂಕಕ್ಕಿಂತ ಹೆಚ್ಚು! ನಿಮ್ಮ ಹೆಬ್ಬೆರಳಿಗಿಂತ ಸಣಕಲಾದ ಉಕ್ಕಿನ ತುಂಡು ಇದನ್ನು ದಿನವಿಡೀ ಹೊರುತ್ತದೆ.

ಹೆಜ್ಜೆ 3: ಕೀ ಅಳತೆ. ಇದನ್ನು ಅಂದಾಜಿನಲ್ಲಿ ಮಾಡುವಂತಿಲ್ಲ. ಐಎಸ್ 2048 ಎಂಬ ಭಾರತೀಯ ಮಾನಕದಲ್ಲಿ ಶಾಫ್ಟ್ ವ್ಯಾಸಕ್ಕೆ ತಕ್ಕ ಕೀ ಅಳತೆ ನಿಗದಿಯಾಗಿದೆ. ಸಾಮಾನ್ಯವಾಗಿ ಬೇಕಾಗುವ ಕೆಲವು ಇಲ್ಲಿವೆ (ಎಲ್ಲ ಮಿ.ಮೀ. ಲೆಕ್ಕ):

ಶಾಫ್ಟ್ 30 ದಾಟಿ 38ರವರೆಗೆ: ಅಗಲ 10, ಎತ್ತರ 8
ಶಾಫ್ಟ್ 38 ದಾಟಿ 44ರವರೆಗೆ: ಅಗಲ 12, ಎತ್ತರ 8
ಶಾಫ್ಟ್ 44 ದಾಟಿ 50ರವರೆಗೆ: ಅಗಲ 14, ಎತ್ತರ 9
ಶಾಫ್ಟ್ 50 ದಾಟಿ 58ರವರೆಗೆ: ಅಗಲ 16, ಎತ್ತರ 10
ಶಾಫ್ಟ್ 58 ದಾಟಿ 65ರವರೆಗೆ: ಅಗಲ 18, ಎತ್ತರ 11

ನಮ್ಮ 50 ಮಿ.ಮೀ. ಶಾಫ್ಟ್‌ಗೆ 14 × 9 ಕೀ. ಇದರಲ್ಲಿ 5.5 ಮಿ.ಮೀ. ಶಾಫ್ಟ್ ಒಳಗೆ ಕೂರುತ್ತದೆ. ಉಳಿದ 3.5 ಮಿ.ಮೀ. ಮಾತ್ರ ಹಬ್‌ನ ಗೋಡೆಗೆ ತಾಗುತ್ತದೆ.

ಹೆಜ್ಜೆ 4: ತುಂಡಾಗುತ್ತದೆಯೇ? ಒತ್ತನ್ನು ಕೀಯ ಅಗಲ × ಉದ್ದದಿಂದ ಭಾಗಿಸಿ. ಕೀ ಹಬ್ ಒಳಗೆ 70 ಮಿ.ಮೀ. ಉದ್ದಕ್ಕೆ ಕೂತಿದ್ದರೆ, ಪ್ರತಿ ಚದರ ಮಿ.ಮೀ.ಗೆ ಸುಮಾರು 30 ನ್ಯೂಟನ್.

ಹೆಜ್ಜೆ 5: ಜಜ್ಜಿಹೋಗುತ್ತದೆಯೇ? ಒತ್ತನ್ನು 3.5 × 70ರಿಂದ ಭಾಗಿಸಿ. ಸುಮಾರು 122 ನ್ಯೂಟನ್ ಬರುತ್ತದೆ.

ನೋಡಿದಿರಾ? ಕೀ, ಶಾಫ್ಟ್, ಹಬ್ ಅದೇ. ಆದರೆ ಜಜ್ಜುವ ಒತ್ತಡ ತುಂಡರಿಸುವ ಒತ್ತಡದ 4 ಪಟ್ಟು.

ಈಗ ಕಬ್ಬಿನ ಕಂತೆ ರೋಲರ್‌ನಲ್ಲಿ ಸಿಕ್ಕಿಕೊಂಡಿತು ಎಂದುಕೊಳ್ಳಿ. ಇಂಡಕ್ಷನ್ ಮೋಟಾರ್ ಇಂಥ ಹೊತ್ತಿನಲ್ಲಿ ತನ್ನ ಸಾಮಾನ್ಯ ಟಾರ್ಕ್‌ನ ಎರಡು ಪಟ್ಟು, ಇನ್ನೂ ಹೆಚ್ಚು ಕೊಡಬಲ್ಲದು. ಎರಡು ಪಟ್ಟು ಎಂದೇ ಇಟ್ಟುಕೊಳ್ಳೋಣ. ಜಜ್ಜುವ ಒತ್ತಡ 244ಕ್ಕೆ ಏರುತ್ತದೆ. ಶಾಫ್ಟ್ ಮತ್ತು ಕೀ ಮಾಡಲು ಹೆಚ್ಚಾಗಿ ಬಳಸುವ ಇಎನ್ 8 ಉಕ್ಕು, ಹದ ಮಾಡದ ಸ್ಥಿತಿಯಲ್ಲಿ, ಸುಮಾರು 280ರಿಂದ 350ರ ಆಸುಪಾಸಿನಲ್ಲಿ ಆಕಾರ ಕೆಡಲು ಶುರುವಾಗುತ್ತದೆ. ಅಂದರೆ ನಮ್ಮ ಕೀ ಬಚಾವ್.

ಆದರೆ ಹಬ್ ಗಿಡ್ಡದಾಗಿದ್ದು ಕೀ 40 ಮಿ.ಮೀ. ಮಾತ್ರ ಕೂತಿದ್ದರೆ? ಕಂತೆ ಸಿಕ್ಕಿಕೊಂಡಾಗ ತುಂಡರಿಸುವ ಒತ್ತಡ ಸುಮಾರು 107. ಕೀ ತುಂಡಾಗಲು ಇದು ಸಾಲದು. ಆದರೆ ಜಜ್ಜುವ ಒತ್ತಡ 426! ಗೋಡೆ ಜಜ್ಜಿಯೇ ಹೋಗುತ್ತದೆ.

ಒಂದು ಎಚ್ಚರಿಕೆ: ಎರಡೂ ತುದಿ ದುಂಡಗಿರುವ ಕೀ ಆದರೆ ಅದರ ಒಟ್ಟು ಉದ್ದದಿಂದ ಒಂದು ಅಗಲದಷ್ಟು ಕಳೆದು ಲೆಕ್ಕ ಹಾಕಬೇಕು. ದುಂಡು ತುದಿ ಭಾರ ಹೊರುವುದಿಲ್ಲ.

ಗಟ್ಟಿ ಕೀ ಏಕೆ ಪರಿಹಾರವಲ್ಲ?

ಮೇಲಿನ 40 ಮಿ.ಮೀ. ಉದಾಹರಣೆಗೇ ಮರಳೋಣ. ಅಲ್ಲಿ ಪಾಟಾದ ಗಟ್ಟಿ ಕೀ ಹಾಕಿದಿರಿ. ಒತ್ತಡ ಇಳಿಯಿತೇ? ಇಲ್ಲ. ಒತ್ತಡ ನಿರ್ಧಾರವಾಗುವುದು ಟಾರ್ಕ್‌ನಿಂದ ಮತ್ತು ಅಳತೆಯಿಂದ, ಕೀಯ ಗಟ್ಟಿತನದಿಂದಲ್ಲ. ಅದೇ 426 ಈಗಲೂ ಇದೆ. ಕೀ ಜಜ್ಜುವುದಿಲ್ಲ, ಸರಿ. ಆದರೆ ಅದರ ಎದುರು ಇರುವ ಹಬ್‌ನ ಗೋಡೆ ಹಳೆಯ ಉಕ್ಕಿನದೇ. ಬೀಡು ಕಬ್ಬಿಣದ ಹಬ್ ಆದರೆ ಅದು ತಾಳುವುದು ಇನ್ನೂ ಕಡಿಮೆ. ಹಾಗಾಗಿ ಹಬ್‌ನ ಗೋಡೆ ಜಜ್ಜುತ್ತದೆ. ಕೀವೇ ಅಗಲವಾಗುತ್ತದೆ. ಕೀ ಅದರೊಳಗೆ ಅಲ್ಲಾಡುತ್ತದೆ.

ಒಮ್ಮೆ ಅಲ್ಲಾಡಲು ಶುರುವಾದರೆ, ಯಂತ್ರ ಶುರುವಾದಾಗಲೊಮ್ಮೆ, ನಿಂತಾಗಲೊಮ್ಮೆ, ಭಾರ ಏರಿಳಿದಾಗಲೊಮ್ಮೆ ಕೀ ಸುತ್ತಿಗೆಯಂತೆ ಗೋಡೆಗೆ ಬಡಿಯುತ್ತದೆ. ಮೂಲೆಯಲ್ಲಿ ನಿಂತು ಓರೆಯಾಗುತ್ತದೆ. ಮೆದು ಕೀ ಆದರೆ ಆಗ ತುಂಡಾಗುತ್ತದೆ. ಗಟ್ಟಿ ಕೀ ಆದರೆ ಆ ಪೆಟ್ಟೆಲ್ಲ ಶಾಫ್ಟ್ ಮತ್ತು ಗೇರ್‌ಗೆ ಹೋಗುತ್ತದೆ.

ಶಾಫ್ಟ್‌ಗಂತೂ ಕೀವೇ ಮೊದಲೇ ದುರ್ಬಲ ಜಾಗ. ಇಪ್ಪತ್ತನೇ ಶತಮಾನದ ಆರಂಭದಲ್ಲೇ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಎಚ್.ಎಫ್. ಮೂರ್ ಶಾಫ್ಟ್‌ಗಳನ್ನು ಪರೀಕ್ಷಿಸಿ ಒಂದು ಸೂತ್ರ ಕೊಟ್ಟರು. ಅದನ್ನು ಇಂದಿಗೂ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಓದುತ್ತಾರೆ. ಅದರ ಪ್ರಕಾರ ನಮ್ಮ 50 ಮಿ.ಮೀ. ಶಾಫ್ಟ್‌ಗೆ ಈ ತೋಡು ಕೊರೆದ ಮೇಲೆ ಉಳಿಯುವುದು ಸುಮಾರು 82% ಬಲ. ಅದರ ಮೇಲೆ ತೋಡಿನ ಮೂಲೆಯಲ್ಲಿ ಒತ್ತಡ ಉಳಿದ ಕಡೆಗಿಂತ ಎರಡು ಮೂರು ಪಟ್ಟು ಏರಬಹುದು. ದಿನವೂ ಪೆಟ್ಟು ತಿಂದರೆ ಆ ಮೂಲೆಯಿಂದಲೇ ಕೂದಲೆಳೆಯಷ್ಟು ಬಿರುಕು ಶುರುವಾಗಿ, ಒಂದು ದಿನ ಶಾಫ್ಟ್ ಎರಡಾಗುತ್ತದೆ.

ಇನ್ನೂ ಒಂದು ಮಾತು. ಗಟ್ಟಿ ಉಕ್ಕು ಮತ್ತು ತಾಳಿಕೆಯ ಉಕ್ಕು ಒಂದೇ ಅಲ್ಲ. ಹಳೆಯ ಅರ, ಡ್ರಿಲ್ ಬಿಟ್, ಲೇತ್ ಟೂಲ್‌ನ ತುಂಡಿನಿಂದ ಮಾಡಿದ ಕೀ ಗಾಜಿನಂತೆ. ಪೆಟ್ಟು ಬಿದ್ದರೆ ಬಾಗದೆ ಚೂರಾಗುತ್ತದೆ.

ಮನೆಯ ಫ್ಯೂಸ್ ಪದೇ ಪದೇ ಹೋಗುತ್ತದೆಂದು ದಪ್ಪ ತಂತಿ ಹಾಕಿದರೆ ಏನಾಗುತ್ತದೆ? ಫ್ಯೂಸ್ ಹೋಗುವುದಿಲ್ಲ, ಬದಲಿಗೆ ವೈರಿಂಗ್ ಸುಡುತ್ತದೆ. ಇದೂ ಹಾಗೆಯೇ. ಕೀ ಮುರಿದರೆ ಹೊಸ ಕೀ ಸಾಕು. ಶಾಫ್ಟ್ ಮುರಿದರೆ ಗೇರ್‌ಬಾಕ್ಸ್ ಇಳಿಸಬೇಕು, ಬೇರಿಂಗ್, ಸೀಲ್ ಬದಲಿಸಬೇಕು, ಹೊಸ ಶಾಫ್ಟ್ ಬರುವವರೆಗೆ ಕಾಯಬೇಕು.

ಹಾಗಾದರೆ ಕೀಯನ್ನೇ ಫ್ಯೂಸ್ ಎಂದು ನಂಬಬಹುದೇ?

ಅದೂ ಪೂರ್ತಿ ಸರಿಯಲ್ಲ. ಸರಿಯಾಗಿ ಆಯ್ದ ಕೀ ಎಂದೂ ಮುರಿಯಬಾರದು. ಮಿತಿಮೀರಿದ ಭಾರ ಬಂದಾಗ ಯಂತ್ರವನ್ನು ಕಾಪಾಡಲು ಬೇರೆಯೇ ವ್ಯವಸ್ಥೆಗಳಿವೆ: ಮೋಟಾರ್‌ಗೆ ಓವರ್‌ಲೋಡ್ ರಿಲೇ, ಶಾಫ್ಟ್‌ಗೆ ಶಿಯರ್ ಪಿನ್, ಸ್ಲಿಪ್ ಕ್ಲಚ್. ಆದರೆ ಏನಾದರೂ ಒಂದು ಮುರಿಯಲೇಬೇಕಾದರೆ ಅದು ಕೀ ಆಗಲಿ, ಶಾಫ್ಟ್ ಆಗದಿರಲಿ ಎಂಬುದಷ್ಟೇ ನಿಯಮ.

ಟ್ರ್ಯಾಕ್ಟರ್‌ನ ಪಿಟಿಒಗೆ ಜೋಡಿಸುವ ಹಲವು ಯಂತ್ರಗಳಲ್ಲಿ ಶಿಯರ್ ಬೋಲ್ಟ್ ಇರುತ್ತದೆ. ಅದು ಮುರಿಯಲೆಂದೇ ಹಾಕಿರುವ ಬೋಲ್ಟ್. ಅದರ ತಲೆಯ ಮೇಲಿನ ಗುರುತು ನೋಡಿ. 8.8 ಇದ್ದ ಜಾಗಕ್ಕೆ 12.9 ಹಾಕಿದರೆ ಅದು ಸುಮಾರು ಒಂದೂವರೆ ಪಟ್ಟು ಗಟ್ಟಿ. ಬೇರಿಗೋ ಕಲ್ಲಿಗೋ ಬ್ಲೇಡ್ ಬಡಿದಾಗ ಬೋಲ್ಟ್ ಉಳಿಯುತ್ತದೆ, ಗೇರ್‌ನ ಹಲ್ಲು ಹೋಗುತ್ತದೆ. ಕಂಪನಿಯ ಕೈಪಿಡಿ ಹೇಳಿದ ಬೋಲ್ಟನ್ನೇ ಹಾಕಿ.

ಇನ್ನೂ ನಾಲ್ಕು ಸಲಹೆಗಳು, ನಿಜಾಂಶವೇನು?

‘ಕೀಯನ್ನು ಶಾಫ್ಟ್‌ಗೆ ವೆಲ್ಡ್ ಮಾಡಿಬಿಡಿ.’ ಬೇಡ. ಶಾಫ್ಟ್‌ನ ಉಕ್ಕಿನಲ್ಲಿ ಇಂಗಾಲ ಹೆಚ್ಚು. ಹದವಾಗಿ ಕಾಯಿಸದೆ ವೆಲ್ಡ್ ಮಾಡಿದರೆ ಪಕ್ಕದ ಉಕ್ಕು ಪೆಡಸಾಗಿ ಬಿರುಕು ಬಿಡುತ್ತದೆ. ಅರ್ತ್ ಕ್ಲಿಪ್ಪನ್ನು ತಪ್ಪು ಕಡೆ ಹಾಕಿದರೆ ಕರೆಂಟ್ ಬೇರಿಂಗ್ ಮೂಲಕ ಹಾದು ಅದನ್ನೂ ಕೆಡಿಸುತ್ತದೆ. ಮುಂದೆ ಗೇರ್ ಬಿಚ್ಚಲೂ ಆಗುವುದಿಲ್ಲ.

‘ಸಡಿಲವಿದ್ದರೆ ಪಕ್ಕಕ್ಕೆ ತಗಡಿನ ತುಂಡು ತುರುಕಿ.’ ಒಂದೆರಡು ದಿನ ಶಬ್ದ ನಿಲ್ಲಬಹುದು. ತಗಡು ಸವೆದು ಹೊರಬಂದ ಮೇಲೆ ಕೀವೇ ಮೊದಲಿಗಿಂತ ಹಾಳಾಗಿರುತ್ತದೆ.

‘ಎರಡು ಕೀ ಹಾಕಿದರೆ ಎರಡು ಪಟ್ಟು ಬಲ.’ ಬಲ ಹೆಚ್ಚುತ್ತದೆ, ಆದರೆ ಎರಡು ಪಟ್ಟು ಸಿಗುವುದಿಲ್ಲ. ಎರಡೂ ತೋಡುಗಳು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದುವುದು ಕಷ್ಟ. ಒಂದು ಕೀ ಹೆಚ್ಚು ಭಾರ ಹೊತ್ತುಕೊಳ್ಳುತ್ತದೆ. ಜೊತೆಗೆ ಶಾಫ್ಟ್‌ನಲ್ಲಿ ಇನ್ನೊಂದು ತೋಡು ಬೀಳುತ್ತದೆ.

‘ಕೀ ಉದ್ದವಾದಷ್ಟೂ ಒಳ್ಳೆಯದು.’ ಒಂದು ಮಿತಿಯವರೆಗೆ ನಿಜ. ಶಾಫ್ಟ್ ವ್ಯಾಸದ ಸುಮಾರು ಒಂದೂವರೆ ಪಟ್ಟಿನವರೆಗೆ ಉದ್ದ ಕೆಲಸಕ್ಕೆ ಬರುತ್ತದೆ. ಅದಕ್ಕಿಂತ ಹೆಚ್ಚಾದರೆ ಶಾಫ್ಟ್ ತಾನೇ ಸ್ವಲ್ಪ ತಿರುಚಿಕೊಳ್ಳುವುದರಿಂದ ಭಾರವೆಲ್ಲ ಒಂದು ತುದಿಗೇ ಬೀಳುತ್ತದೆ.

ಮುರಿದ ಕೀ ಎಸೆಯಬೇಡಿ, ಅದನ್ನು ಓದಿ

ಮುರಿದ ಕೀ ಏನಾಯಿತೆಂದು ತಾನೇ ಹೇಳುತ್ತದೆ. ಬೆಳಕಿಗೆ ಹಿಡಿದು ನೋಡಿ.

ಪಕ್ಕದ ಗೋಡೆಗಳು ಚೊಕ್ಕವಾಗಿದ್ದು, ನಡುವೆ ಮಾತ್ರ ನೇರವಾಗಿ ತುಂಡಾಗಿದ್ದರೆ: ಒಮ್ಮೆಲೇ ಭಾರಿ ಹೊರೆ ಬಿದ್ದಿದೆ. ಯಂತ್ರದಲ್ಲಿ ಏನೋ ಸಿಕ್ಕಿಕೊಂಡಿತ್ತು. ಓವರ್‌ಲೋಡ್ ರಿಲೇ ಸರಿಯಾದ ಆಂಪಿಯರ್‌ಗೆ ಇದೆಯೇ ನೋಡಿ.

ಪಕ್ಕದ ಗೋಡೆ ಜಜ್ಜಿ, ಹೊಳಪಾಗಿ, ಮೆಟ್ಟಿಲಿನಂತಾಗಿದ್ದರೆ: ಕೀ ಸಡಿಲವಿತ್ತು, ಇಲ್ಲವೇ ಉದ್ದ ಸಾಲದು.

ಹಬ್ ಅಂಚಿನಲ್ಲಿ ಕೆಂಗಂದು ಪುಡಿ ಕಂಡರೆ: ಹಬ್ ಶಾಫ್ಟ್ ಮೇಲೆ ಸೂಕ್ಷ್ಮವಾಗಿ ಉಜ್ಜಾಡುತ್ತಿದೆ. ಇದು ಮಳೆಯ ತುಕ್ಕಲ್ಲ. ಹಬ್‌ನ ರಂಧ್ರವೇ ಸಡಿಲವಾಗಿದೆ. ಬರೀ ಕೀ ಬದಲಿಸಿದರೆ ಪ್ರಯೋಜನವಿಲ್ಲ.

ಶುರು ಮಾಡಿದಾಗ, ನಿಲ್ಲಿಸಿದಾಗ ‘ಟಕ್’ ಎಂದು ಸದ್ದು ಬಂದರೆ: ಕೀ ಮುರಿಯುವ ಮುಂಚೆಯೇ ಕೊಟ್ಟ ಸೂಚನೆ ಅದು. ಇಷ್ಟು ಹೊತ್ತಿಗೆ ಕಂಡುಕೊಂಡರೆ ಖರ್ಚು ಕಡಿಮೆ.

ಹೊಸ ಕೀ ಹಾಕುವಾಗ ಏನು ನೋಡಬೇಕು?

ಮೊದಲು ವರ್ನಿಯರ್‌ನಿಂದ ಶಾಫ್ಟ್ ಮತ್ತು ಹಬ್, ಎರಡರ ಕೀವೇ ಅಗಲವನ್ನೂ ಎರಡೂ ತುದಿಯಲ್ಲಿ ಅಳೆಯಿರಿ. ಅಗಲವಾಗಿದ್ದರೆ ಕೀ ಬದಲಿಸಿ ಸುಮ್ಮನಾಗಬೇಡಿ. ಎರಡೂ ತೋಡುಗಳನ್ನು ಸಮವಾಗಿ ಸರಿಪಡಿಸಿ ತಕ್ಕ ಅಳತೆಯ ಕೀ ಹಾಕಿಸಿ, ಇಲ್ಲವೇ ಬೇರೆ ಜಾಗದಲ್ಲಿ ಹೊಸ ತೋಡು ಮಾಡಿಸಿ.

ಕೀಗೆ ಇಎನ್ 8 ಅಥವಾ ಸಿ 45 ದರ್ಜೆಯ ಕೀ ಸ್ಟೀಲ್ ಕೇಳಿ. ಪಕ್ಕಗಳು ಮೆತ್ತಗಿನ ಸುತ್ತಿಗೆಯ ಸಣ್ಣ ತಟ್ಟಿಗೆ ಬಿಗಿಯಾಗಿ ಕೂರಬೇಕು. ಕೈಯಲ್ಲಿ ಅಲ್ಲಾಡಿಸಿದರೆ ಅಲ್ಲಾಡಬಾರದು.

ಮೇಲ್ಭಾಗಕ್ಕೆ ಮಾತ್ರ ಸಣ್ಣ ಸಂದು ಇರಲೇಬೇಕು. 14 × 9 ಕೀಗೆ ಶಾಫ್ಟ್‌ನಲ್ಲಿ 5.5, ಹಬ್‌ನಲ್ಲಿ 3.8 ಆಳ. ಒಟ್ಟು 9.3. ಅಂದರೆ 0.3 ಮಿ.ಮೀ. ಸಂದು. ಮೇಲೆ ಬಿಗಿಯಾದರೆ ಹಬ್ ಒಂದು ಪಕ್ಕಕ್ಕೆ ತಳ್ಳಲ್ಪಟ್ಟು ಗೇರ್ ಓರೆಯಾಗಿ ತಿರುಗುತ್ತದೆ. ಆದರೆ ಹಳೆಯ ಯಂತ್ರಗಳಲ್ಲಿ ಕಾಣುವ, ತಲೆ ಇರುವ ಇಳಿಜಾರು ಕೀ ಬೇರೆ ಜಾತಿ. ಅದು 100ಕ್ಕೆ 1ರಷ್ಟು ಇಳಿಜಾರಾಗಿದ್ದು, ಮೇಲೆ ಕೆಳಗೆ ಬಿಗಿಯಾಗಿಯೇ ಕೂರಬೇಕು. ಎರಡನ್ನೂ ಅದಲು ಬದಲು ಮಾಡಬೇಡಿ.

ಕೀಯ ಅಂಚುಗಳನ್ನು ಅರದಿಂದ ಸ್ವಲ್ಪ ಮುರಿಯಿರಿ. ಕೀವೇಯ ತಳದ ಮೂಲೆ ಚೂಪಾಗಿರದೆ ಕೊಂಚ ದುಂಡಗಿರಲಿ. ಬಿರುಕು ಶುರುವಾಗುವುದು ಚೂಪು ಮೂಲೆಯಿಂದ. ಕೀ ಮೇಲಿನ ಗ್ರಬ್ ಸ್ಕ್ರೂ ಬಿಗಿ ಮಾಡಿ. ಆದರೆ ಅದರ ಕೆಲಸ ಗೇರ್ ಅತ್ತಿತ್ತ ಸರಿಯದಂತೆ ತಡೆಯುವುದು ಮಾತ್ರ, ಸಡಿಲ ಕೀಗೆ ಅದು ಮದ್ದಲ್ಲ.

ಎಲ್ಲಕ್ಕಿಂತ ಮೊದಲು: ಯಂತ್ರ ನಿಂತಿದೆಯೇ?

ಕೀ ಮುರಿದಾಗ ಮೋಟಾರ್ ತಿರುಗುತ್ತಿದ್ದರೂ ಗೇರ್ ನಿಂತಂತೆ ಕಾಣಬಹುದು. ತುಂಡಾದ ಕೀ ಮತ್ತೆ ಸಿಕ್ಕಿಕೊಂಡು ಗೇರ್ ಒಮ್ಮೆಲೇ ತಿರುಗಬಹುದು. ಬೆರಳು, ಕೈ ಹೋಗುವುದು ಇಂಥ ಕ್ಷಣದಲ್ಲೇ.

ಮೋಟಾರ್ ಆದರೆ ಮೇನ್ ಆಫ್ ಮಾಡಿ, ಫ್ಯೂಸ್ ಕಿತ್ತು ನಿಮ್ಮ ಜೇಬಿನಲ್ಲೇ ಇಟ್ಟುಕೊಳ್ಳಿ. ಟ್ರ್ಯಾಕ್ಟರ್ ಆದರೆ ಪಿಟಿಒ ಬಿಡಿಸಿ, ಎಂಜಿನ್ ನಿಲ್ಲಿಸಿ, ಚಾವಿ ಜೇಬಿಗೆ ಹಾಕಿಕೊಳ್ಳಿ. ಶಾಫ್ಟ್‌ನ ಕೀ ಮುಟ್ಟುವ ಮೊದಲು ಟ್ರ್ಯಾಕ್ಟರ್‌ನ ಚಾವಿ ನಿಮ್ಮ ಹತ್ತಿರ ಇರಲಿ. ಪಿಟಿಒ ನಿಮಿಷಕ್ಕೆ 540 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ 9 ಸುತ್ತು. ಹೆಗಲ ಮೇಲಿನ ಟವೆಲ್, ಧೋತರದ ಅಂಚು, ಸೀರೆಯ ಸೆರಗು ಸಿಕ್ಕಿದರೆ ಬಿಡಿಸಿಕೊಳ್ಳಲು ಸಮಯವೇ ಇರುವುದಿಲ್ಲ. ಹೊರಚಾಚಿದ ಕೀ ತುದಿಯೂ ಬಟ್ಟೆಯನ್ನು ಕೊಂಡಿಯಂತೆ ಹಿಡಿಯುತ್ತದೆ. ಕೆಲಸ ಮುಗಿದ ಮೇಲೆ ಗಾರ್ಡ್ ಹಾಕದೆ ಯಂತ್ರ ಶುರು ಮಾಡಬೇಡಿ.

ನಮ್ಮ ತೀರ್ಮಾನ

‘ಗಟ್ಟಿ ಕೀ ಹಾಕಿದರೆ ಸಮಸ್ಯೆ ಮುಗಿಯುತ್ತದೆ’ ಎಂಬುದು ತಪ್ಪು. ಗಟ್ಟಿ ಕೀ ಒತ್ತಡವನ್ನು ಇಳಿಸುವುದಿಲ್ಲ, ಮುರಿಯುವ ಜಾಗವನ್ನು ಬದಲಿಸುತ್ತದೆ, ಅದೂ ಹೆಚ್ಚು ಖರ್ಚಿನ ಜಾಗಕ್ಕೆ. ಒಮ್ಮೆ ಕೀ ಮುರಿದರೆ ಅದು ಆಕಸ್ಮಿಕ ಇರಬಹುದು. ಎರಡನೇ ಸಲ ಮುರಿದರೆ ಕಾರಣ ಬೇರೆ ಕಡೆ ಇದೆ: ಸಡಿಲ ಕೀವೇ, ಸಾಲದ ಉದ್ದ, ಇಲ್ಲವೇ ಮಿತಿಮೀರಿದ ಹೊರೆ. ಯಂತ್ರ ನಿಲ್ಲಿಸಿ, ವರ್ನಿಯರ್ ಹಿಡಿದು, ಮೇಲಿನ ಐದು ಹೆಜ್ಜೆಯ ಲೆಕ್ಕ ಹಾಕಿದರೆ ಅರ್ಧ ಗಂಟೆಯಲ್ಲಿ ಅದು ಗೊತ್ತಾಗುತ್ತದೆ.

ನಿಮ್ಮೂರಿನ ಗುಂಪಿನಲ್ಲಿ ಯಾರಾದರೂ ಪಾಟಾದ ಕೀ ಹಾಕಲು ಹೇಳಿದರೆ, ‘ಮುರಿದ ಕೀಯ ಪಕ್ಕದ ಗೋಡೆ ಹೇಗಿದೆ?’ ಎಂದು ಮೊದಲು ಕೇಳಿ.